ಮ್ಯಾಂಗನೀಸಿನ ಮೊದಲ ಎಲೆಕ್ಟ್ರಾನ್

ನೀರಿನಲ್ಲಿ ಮ್ಯಾಂಗನೀಸ್ ಎರಡು ರೂಪದಲ್ಲಿ ಸಿಗುತ್ತದೆ. ಗಾಳಿ ತಲುಪದ ಆಳದ ಅಂತರ್ಜಲದಲ್ಲಿ, ಸರೋವರದ ತಳದ ಕೆಸರಿನಲ್ಲಿ ಅದು ಕರಗಿದ ಅಯಾನು. ಅದಕ್ಕೆ ಬಣ್ಣವಿಲ್ಲ, ಲೋಟದಲ್ಲಿ ಹಿಡಿದು ನೋಡಿದರೆ ಏನೂ ಕಾಣದು. ಅದೇ ನೀರು ಮೇಲಕ್ಕೆ ಬಂದು ಆಮ್ಲಜನಕದೊಡನೆ ಬೆರೆತ ಕೆಲಕಾಲಕ್ಕೆ ಕೊಳವೆಯ ಒಳಮೈ, ತೊಟ್ಟಿಯ ತಳ, ತೊರೆಯ ಉರುಟುಗಲ್ಲುಗಳ ಮೇಲೆ ಕಪ್ಪುಗಂದು ಲೇಪ ಕೂರತೊಡಗುತ್ತದೆ. ಅದು ಮ್ಯಾಂಗನೀಸ್ ಆಕ್ಸೈಡ್. ಈ ಎರಡು ರೂಪಗಳ ನಡುವಿನ ಅಂತರ ಪರಮಾಣುವೊಂದಕ್ಕೆ ಎರಡೇ ಎರಡು ಎಲೆಕ್ಟ್ರಾನ್. ಆ ಎರಡನ್ನು ಕಿತ್ತುಕೊಳ್ಳಲು ಆಮ್ಲಜನಕವೊಂದೇ ಸಾಕು ಎಂದು ಲೆಕ್ಕ ಹೇಳುತ್ತದೆ. ಆದರೆ ಸಾಧಾರಣ ನದಿ, ಕೆರೆ, ಸಮುದ್ರಗಳ ನೀರಿನಲ್ಲಿ ಈ ಕೆಲಸದ ಬಹುಪಾಲನ್ನು ಮಾಡಿ ಮುಗಿಸುವುದು ಸೂಕ್ಷ್ಮಜೀವಿಗಳು, ಅದರಲ್ಲೂ ಬ್ಯಾಕ್ಟೀರಿಯಾ.

ಮ್ಯಾಂಗನೀಸ್ ಅಪರೂಪದ ಧಾತುವೇನಲ್ಲ. ಭೂಮಿಯ ಹೊರಪದರದಲ್ಲಿ ಅದರ ಪಾಲು ಸುಮಾರು ಶೇ 0.1. ಸಂಕ್ರಮಣ ಲೋಹಗಳಲ್ಲಿ ಇದಕ್ಕಿಂತ ಹೆಚ್ಚು ಇರುವುದು ಕಬ್ಬಿಣ ಮತ್ತು ಟೈಟಾನಿಯಂ ಮಾತ್ರ. ಕನ್ನಡ ನಾಡಿನಲ್ಲಿ ಅದು ಸಂಡೂರಿನ ಗಣಿಗಳ ಅದಿರಾಗಿ, ಉಕ್ಕಿನ ಕಾರ್ಖಾನೆಗೆ ಹೋಗುವ ಸರಕಾಗಿ ಪರಿಚಿತ. ಜೀವಿಗಳಿಗೂ ಅದು ಬೇಕೇಬೇಕು. ಹಸಿರೆಲೆಯಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡಿಸುವ ಕೇಂದ್ರದಲ್ಲಿ ಇರುವುದು ನಾಲ್ಕು ಮ್ಯಾಂಗನೀಸ್ ಪರಮಾಣು ಮತ್ತು ಒಂದು ಕ್ಯಾಲ್ಸಿಯಂ. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟು ಹಲವು ಸ್ಥಿತಿಗಳಲ್ಲಿ ನಿಲ್ಲಬಲ್ಲ ಗುಣವೇ ಈ ಲೋಹದ ಬಲ. ಪ್ರಕೃತಿಯಲ್ಲಿ ಲೆಕ್ಕಕ್ಕೆ ಬರುವ ಸ್ಥಿತಿಗಳು ಮೂರು. ಎರಡು ಎಲೆಕ್ಟ್ರಾನ್ ಕಳೆದುಕೊಂಡು ನೀರಿನಲ್ಲಿ ಕರಗಿರುವ ಮ್ಯಾಂಗನೀಸ್-2, ಮೂರು ಕಳೆದುಕೊಂಡ ಮ್ಯಾಂಗನೀಸ್-3, ನಾಲ್ಕು ಕಳೆದುಕೊಂಡು ಕರಿ ಆಕ್ಸೈಡಾಗಿ ಗಟ್ಟಿಗೊಳ್ಳುವ ಮ್ಯಾಂಗನೀಸ್-4.

ಎರಡರಿಂದ ನಾಲ್ಕಕ್ಕೆ ಹೋಗುವ ಇಡೀ ಕ್ರಿಯೆಯನ್ನು ಒಟ್ಟಾಗಿ ತೂಗಿದರೆ ಅದು ಲಾಭದ ವ್ಯವಹಾರ. ತಟಸ್ಥ ನೀರಿನಲ್ಲಿ ಮೋಲ್ ಒಂದಕ್ಕೆ ಸುಮಾರು 70 ಕಿಲೋಜೌಲ್ ಶಕ್ತಿ ಹೊರಬೀಳುತ್ತದೆ. ತೊಡಕಿರುವುದು ಮೊದಲ ಎಲೆಕ್ಟ್ರಾನಿನಲ್ಲಿ. ಮ್ಯಾಂಗನೀಸ್-2 ಅಯಾನಿನ ಹೊರಕವಚದಲ್ಲಿ ಐದು ಡಿ-ಎಲೆಕ್ಟ್ರಾನುಗಳು ಐದು ಕಕ್ಷಕಗಳಲ್ಲಿ ಒಂದೊಂದರಂತೆ ಕುಳಿತಿರುತ್ತವೆ. ಅರ್ಧ ತುಂಬಿದ ಈ ಜೋಡಣೆ ಬಹಳ ಸ್ಥಿರ. ಅಲ್ಲಿಂದ ಒಂದನ್ನು ಕೀಳಬೇಕಾದರೆ ಆಮ್ಲೀಯ ದ್ರಾವಣದ ಮಾನಕ ಅಳತೆಯಲ್ಲಿ 1.5 ವೋಲ್ಟ್ ಬೇಕು. ಅತ್ತ ಆಮ್ಲಜನಕದ ಅಣುವಿಗೂ ಒಂದೇ ಒಂದು ಎಲೆಕ್ಟ್ರಾನ್ ತೆಗೆದುಕೊಳ್ಳಲು ಮನಸ್ಸಿಲ್ಲ. ನಾಲ್ಕನ್ನು ಒಟ್ಟಿಗೆ ಪಡೆದು ನೀರಾಗುವಾಗ ಪ್ರಬಲ ಉತ್ಕರ್ಷಕವಾಗಿರುವ ಅದು, ಒಂದನ್ನು ಪಡೆದು ಸೂಪರಾಕ್ಸೈಡ್ ಆಗುವ ಹಂತದಲ್ಲಿ ದುರ್ಬಲ. ಕೊಡುವವರಿಗೂ ಇಷ್ಟವಿಲ್ಲ, ಪಡೆಯುವವರಿಗೂ ಇಷ್ಟವಿಲ್ಲ. ಹೀಗಾಗಿ ಮೆಟ್ಟಿಲ ಸಾಲು ಕೆಳಗಿಳಿಯುತ್ತಿದ್ದರೂ ಮೊದಲ ಮೆಟ್ಟಿಲು ಮಾತ್ರ ಗೋಡೆಯಷ್ಟು ಎತ್ತರ.

ಪಿಎಚ್ 9ನ್ನು ದಾಟಿದ ಕ್ಷಾರೀಯ ನೀರಿನಲ್ಲಿ ಈ ಗೋಡೆ ತಗ್ಗುತ್ತದೆ. ಅಲ್ಲಿ ಹೈಡ್ರಾಕ್ಸೈಡ್ ಅಯಾನುಗಳು ಮ್ಯಾಂಗನೀಸನ್ನು ಸುತ್ತುವರಿದು ಎಲೆಕ್ಟ್ರಾನ್ ಸಡಿಲಗೊಳ್ಳಲು ನೆರವಾಗುವುದರಿಂದ ಕ್ರಿಯೆ ಕಣ್ಣೆದುರಿಗೇ ನಡೆಯುತ್ತದೆ. ಪಿಎಚ್ 8ರ ಕೆಳಗೆ, ಯಾವ ವೇಗವರ್ಧಕವೂ ಇಲ್ಲದಿದ್ದರೆ, ಅದಕ್ಕೆ ವರ್ಷಗಳೇ ಬೇಕು. ಬ್ಯಾಕ್ಟೀರಿಯಾ ಇದ್ದಲ್ಲಿ ಇದೇ ಕ್ರಿಯೆ ಲಕ್ಷ ಪಟ್ಟಿನವರೆಗೂ ವೇಗ ಪಡೆಯುತ್ತದೆ. ಆ ವೇಗದ ಗುಟ್ಟನ್ನು ಹುಡುಕುವುದೆಂದರೆ, ಮೊದಲ ಎಲೆಕ್ಟ್ರಾನನ್ನು ಜೀವಕೋಶ ಹೇಗೆ ಕೀಳುತ್ತದೆ ಎಂದು ಹುಡುಕುವುದೇ. ಒಂದೊಂದು ಬ್ಯಾಕ್ಟೀರಿಯಾ ಗುಂಪು ಇದಕ್ಕೆ ಒಂದೊಂದು ಉತ್ತರ ಕಂಡುಕೊಂಡಿದೆ ಎಂಬುದು ಈ ಕ್ಷೇತ್ರದ ಅತ್ಯಂತ ಸ್ವಾರಸ್ಯದ ಸಂಗತಿ.

ಮ್ಯಾಂಗನೀಸನ್ನು ಉತ್ಕರ್ಷಿಸುವ ಸೂಕ್ಷ್ಮಜೀವಿಗಳನ್ನು ಡಚ್ ಸೂಕ್ಷ್ಮಜೀವಿ ವಿಜ್ಞಾನಿ ಮಾರ್ಟಿನಸ್ ಬೈಯರಿಂಕ್ 1913ರಲ್ಲೇ ವರ್ಣಿಸಿದ್ದರು. ಅವು ಯಾವ ಅಣುವಿನ ಮೂಲಕ ಈ ಕೆಲಸ ಮಾಡುತ್ತವೆ ಎಂದು ತಿಳಿಯಲು ಮುಂದಿನ ಎಂಟು ದಶಕ ಬೇಕಾಯಿತು. ಅದಕ್ಕೆ ಕಾರಣಗಳಿವೆ. ಪ್ರಯೋಗಶಾಲೆಯಲ್ಲಿ ಮ್ಯಾಂಗನೀಸ್ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಸ್ಯೂಡೊಮೊನಾಸ್ ಪುಟಿಡಾ ಬೆಳೆಸಿದರೆ ಕಾಲೊನಿಗಳು ಮೊದಲಿಗೆ ಬೇರೆ ಯಾವುದೇ ಬ್ಯಾಕ್ಟೀರಿಯಾದಂತೆ ಮಾಸಲು ಬಿಳಿಯಾಗಿಯೇ ಇರುತ್ತವೆ. ಪೋಷಕಾಂಶ ಮುಗಿಯುತ್ತ ಬಂದು ಬೆಳವಣಿಗೆ ನಿಂತ ಮೇಲೆ ಕಂದು ಬಣ್ಣ ಕಾಣಿಸಿಕೊಂಡು, ಕಾಫಿ ಪುಡಿಯ ಬಣ್ಣಕ್ಕೆ ಗಾಢವಾಗುತ್ತದೆ. ಅದರ ಮೇಲೆ ಲ್ಯೂಕೊಬರ್ಬೆಲಿನ್ ಬ್ಲೂ ಎಂಬ ಬಣ್ಣರಹಿತ ದ್ರಾವಣ ಒಂದು ತೊಟ್ಟು ಬಿಟ್ಟರೆ ಕಂದು ಕಾಲೊನಿ ಕ್ಷಣದಲ್ಲಿ ಕಡುನೀಲಿಯಾಗುತ್ತದೆ. ಮ್ಯಾಂಗನೀಸ್-3 ಅಥವಾ ಮ್ಯಾಂಗನೀಸ್-4 ಅಲ್ಲಿದೆ ಎನ್ನಲು ಅದು ಸಾಕ್ಷಿ. ಕ್ರಿಯೆ ನಡೆದಿದೆಯೆಂದು ತೋರಿಸುವುದು ಇಷ್ಟು ಸುಲಭ. ಅದನ್ನು ನಡೆಸಿದ ಕಿಣ್ವವನ್ನು ಹಿಡಿಯುವುದು ಮಾತ್ರ ಬಲು ಕಷ್ಟ. ಜೀವಕೋಶ ಆ ಕಿಣ್ವವನ್ನು ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ. ಜೊತೆಗೆ, ತಾನೇ ಉಂಟುಮಾಡಿದ ಕರಿ ಖನಿಜ ಕಿಣ್ವದ ಮೈಗೆ ಅಂಟಿಕೊಂಡು ಅದನ್ನು ಹೂತುಬಿಡುತ್ತದೆ.

ಈ ಬಿಕ್ಕಟ್ಟಿಗೆ ದಾರಿ ಕೊಟ್ಟದ್ದು ಕ್ಯಾಲಿಫೋರ್ನಿಯಾ ಕರಾವಳಿಯ ಸಮುದ್ರದ ಕೆಸರಿನಿಂದ ಬೇರ್ಪಡಿಸಿದ ಬ್ಯಾಸಿಲಸ್ ಎಸ್‌ಜಿ-1. ಕೆನೆತ್ ನೀಲ್ಸನ್ ಮತ್ತು ಸಹೋದ್ಯೋಗಿಗಳು ಇದರ ವಿಚಾರ ಪ್ರಕಟಿಸಿದ್ದು 1980ರಲ್ಲಿ. ಬ್ಯಾಸಿಲಸ್ ಕುಲದ ಇತರ ಸದಸ್ಯರಂತೆ ಇದೂ ಬರಗಾಲದಲ್ಲಿ ಗಟ್ಟಿ ಕವಚದ ಬೀಜಕವಾಗಿ ನಿದ್ರೆಗೆ ಜಾರುತ್ತದೆ. ವಿಶೇಷವೆಂದರೆ, ಬೆಳೆಯುತ್ತಿರುವ ಜೀವಕೋಶವಲ್ಲ, ನಿದ್ರಿಸುತ್ತಿರುವ ಬೀಜಕವೇ ಮ್ಯಾಂಗನೀಸನ್ನು ಉತ್ಕರ್ಷಿಸುತ್ತದೆ. ಉಸಿರಾಟವಿಲ್ಲ, ಪಚನವಿಲ್ಲ, ಜೀವದ ಯಾವ ಚಟುವಟಿಕೆಯೂ ಇಲ್ಲ, ಆದರೂ ಮ್ಯಾಂಗನೀಸ್ ದ್ರಾವಣದಲ್ಲಿ ಇಟ್ಟ ಬೀಜಕದ ಮೈಮೇಲೆ ಆಕ್ಸೈಡ್ ಪದರ ಕಟ್ಟುತ್ತಲೇ ಹೋಗುತ್ತದೆ. ಅಂದಮೇಲೆ ಕಿಣ್ವ ಇರುವುದು ಕವಚದ ಹೊರಪದರದಲ್ಲೇ, ಮತ್ತು ಅದಕ್ಕೆ ಜೀವಂತ ಕೋಶದ ಹಂಗಿಲ್ಲ. ಚಯಾಪಚಯದ ಗದ್ದಲವಿಲ್ಲದ ಇಂಥ ಮೌನ ವ್ಯವಸ್ಥೆ ರಸಾಯನ ವಿಜ್ಞಾನಿಗೆ ದೊಡ್ಡ ಅನುಕೂಲ.

ಈ ಸಾಮರ್ಥ್ಯ ಕಳೆದುಕೊಂಡ ರೂಪಾಂತರಗಳನ್ನು ಬೆನ್ನಟ್ಟಿದ ಬ್ರಾಡ್ಲಿ ಟೀಬೊ ಅವರ ತಂಡ 1990ರ ದಶಕದಲ್ಲಿ ಸಾಲಾಗಿ ಇರುವ ಏಳು ಜೀನುಗಳನ್ನು ಗುರುತಿಸಿತು. ಅವುಗಳಿಗೆ ಎಂಎನ್ಎಕ್ಸ್-ಎಯಿಂದ ಎಂಎನ್ಎಕ್ಸ್-ಜಿವರೆಗೆ ಹೆಸರು. ಕೊನೆಯ ಜೀನ್ ಸೂಚಿಸುವ ಪ್ರೊಟೀನಿನ ಅಮೈನೊ ಆಮ್ಲಗಳ ಸರಣಿ ಪರಿಚಿತ ಕುಟುಂಬವೊಂದಕ್ಕೆ ಸೇರಿತ್ತು. ಅದು ಬಹುತಾಮ್ರ ಉತ್ಕರ್ಷಕ ಕಿಣ್ವಗಳ ಕುಟುಂಬ. ಅಣಬೆಗಳಲ್ಲಿ ಮರದ ಲಿಗ್ನಿನ್ ಮೇಲೆ ವರ್ತಿಸುವ ಲ್ಯಾಕೇಸ್, ಮನುಷ್ಯರ ರಕ್ತದಲ್ಲಿ ಕಬ್ಬಿಣವನ್ನು ಉತ್ಕರ್ಷಿಸುವ ಸೆರುಲೊಪ್ಲಾಸ್ಮಿನ್ ಇವೆಲ್ಲ ಅದರ ನೆಂಟರು.

ಈ ಕುಟುಂಬದ ಕಾರ್ಯವಿಧಾನ ಒಂದೇ ಮಾದರಿಯದು. ಕಿಣ್ವದೊಳಗೆ ಕನಿಷ್ಠ ನಾಲ್ಕು ತಾಮ್ರದ ಅಯಾನುಗಳಿರುತ್ತವೆ. ಮೇಲ್ಮೈಗೆ ಹತ್ತಿರದಲ್ಲಿ ಇರುವ ಮೊದಲನೆಯದು ಸಿಸ್ಟೀನ್ ಎಂಬ ಅಮೈನೊ ಆಮ್ಲದ ಗಂಧಕಕ್ಕೆ ಬಿಗಿದುಕೊಂಡಿದ್ದು, ಆ ಬಂಧದಿಂದಾಗಿ 600 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಹೀರಿ ಕಿಣ್ವಕ್ಕೆ ಗಾಢ ನೀಲಿ ಬಣ್ಣ ಕೊಡುತ್ತದೆ. ಉಳಿದ ಮೂರು ಅಲ್ಲಿಂದ ಸುಮಾರು 13 ಆಂಗ್‌ಸ್ಟ್ರಾಂ ಒಳಗೆ ಒಂದು ಗುಂಪಾಗಿ ಕುಳಿತಿರುತ್ತವೆ. ಉತ್ಕರ್ಷಣೆಗೆ ಒಳಗಾಗುವ ವಸ್ತು ನೀಲಿ ತಾಮ್ರಕ್ಕೆ ಒಂದು ಎಲೆಕ್ಟ್ರಾನ್ ಒಪ್ಪಿಸುತ್ತದೆ. ಅದು ಪ್ರೊಟೀನಿನ ಸಿಸ್ಟೀನ್-ಹಿಸ್ಟಿಡಿನ್ ಸರಪಳಿಯ ಮೂಲಕ ಒಳಗಿನ ಮೂರು ತಾಮ್ರಗಳತ್ತ ದಾಟುತ್ತದೆ. ಇಂಥ ನಾಲ್ಕು ಎಲೆಕ್ಟ್ರಾನ್ ಸೇರುವ ಹೊತ್ತಿಗೆ, ಅಲ್ಲಿ ಬಂದು ಕೂತ ಆಮ್ಲಜನಕದ ಅಣು ಪೂರ್ತಿ ಒಡೆದು ಎರಡು ನೀರಿನ ಅಣುವಾಗುತ್ತದೆ. ಅಪಾಯಕಾರಿ ಸೂಪರಾಕ್ಸೈಡ್ ಆಗಲಿ ಪೆರಾಕ್ಸೈಡ್ ಆಗಲಿ ಹೊರಗೆ ಸೋರುವುದಿಲ್ಲ.

ಮೊದಲ ಎಲೆಕ್ಟ್ರಾನಿನ ಸಮಸ್ಯೆಯ ಅರ್ಧಭಾಗ ಇಲ್ಲಿಗೆ ಬಗೆಹರಿಯಿತು. ಆಮ್ಲಜನಕ ಒಂದೇ ಎಲೆಕ್ಟ್ರಾನ್ ಸ್ವೀಕರಿಸಬೇಕಾದ ಕಷ್ಟವನ್ನು ಕಿಣ್ವ ತಪ್ಪಿಸಿದೆ. ಒಂದೊಂದಾಗಿ ಬಂದದ್ದನ್ನು ತಾಮ್ರಗಳು ಕೂಡಿಟ್ಟು, ನಾಲ್ಕಾದ ಮೇಲೆ ಆಮ್ಲಜನಕಕ್ಕೆ ದಾಟಿಸುತ್ತವೆ. ಉಳಿದರ್ಧ ಮ್ಯಾಂಗನೀಸಿನ ಕಡೆಯದು. ಈ ಕುಟುಂಬದ ನೀಲಿ ತಾಮ್ರ ಎಲೆಕ್ಟ್ರಾನನ್ನು ಸೆಳೆಯುವ ಬಲ ಸಾಮಾನ್ಯವಾಗಿ 0.4ರಿಂದ 0.8 ವೋಲ್ಟ್. 1.5 ವೋಲ್ಟ್ ಕೇಳುವ ಮ್ಯಾಂಗನೀಸಿಗೆ ಇದು ಯಾವ ಮೂಲೆಗೂ ಸಾಲದು.

ಮ್ಯಾಂಗನೀಸ್ ಒಂದೇ ನೆಗೆತಕ್ಕೆ ಎರಡರಿಂದ ನಾಲ್ಕಕ್ಕೆ ಹೋಗುತ್ತದೆಯೋ, ಮೂರರಲ್ಲಿ ತಂಗಿ ಹೋಗುತ್ತದೆಯೋ ಎಂಬುದು ಮೊದಲು ಇತ್ಯರ್ಥವಾಗಬೇಕಿತ್ತು. ಮ್ಯಾಂಗನೀಸ್-3 ನೀರಿನಲ್ಲಿ ಒಂಟಿಯಾಗಿ ಬಾಳುವುದಿಲ್ಲ. ಇಂಥ ಎರಡು ಅಯಾನು ಎದುರಾದರೆ ಒಂದು ಎರಡಕ್ಕೆ ಇಳಿದು ಇನ್ನೊಂದು ನಾಲ್ಕಕ್ಕೆ ಏರಿಬಿಡುತ್ತದೆ. ಆದರೆ ಪೈರೊಫಾಸ್ಫೇಟ್‌ನಂಥ ಅಣು ಹತ್ತಿರವಿದ್ದರೆ ಅದನ್ನು ತಬ್ಬಿ ಹಿಡಿದು ಉಳಿಸುತ್ತದೆ. 2005ರಲ್ಲಿ ಸ್ಯಾಮ್ಯುಯೆಲ್ ವೆಬ್, ಟೀಬೊ ಮತ್ತು ಸಂಗಡಿಗರು ಇದನ್ನೇ ಬಲೆಯಾಗಿ ಒಡ್ಡಿದರು. ಎಸ್‌ಜಿ-1 ಬೀಜಕಗಳ ದ್ರಾವಣಕ್ಕೆ ಪೈರೊಫಾಸ್ಫೇಟ್ ಬೆರೆಸಿದಾಗ, ಹಿಡಿಯಲ್ಪಟ್ಟ ಮ್ಯಾಂಗನೀಸ್-3ರ ಗುರುತಾದ 258 ನ್ಯಾನೊಮೀಟರ್ ಬೆಳಕಿನ ಹೀರಿಕೆ ಮೊದಲು ಏರಿತು, ಆಮೇಲೆ ಇಳಿಯಿತು. ಮಧ್ಯಂತರ ಸ್ಥಿತಿಯೊಂದು ಹುಟ್ಟಿ ಮತ್ತೆ ಬಳಕೆಯಾಗುವಾಗ ಕಾಣುವ ರೇಖೆ ಅದು. ಎರಡು ಎಲೆಕ್ಟ್ರಾನುಗಳು ಒಂದರ ಹಿಂದೊಂದು ಹೋಗುತ್ತವೆ, ಎರಡು ಹಂತಗಳನ್ನೂ ನಡೆಸುವುದು ಅದೇ ಕಿಣ್ವವ್ಯವಸ್ಥೆ ಎಂಬುದು ಇದರಿಂದ ಖಚಿತವಾಯಿತು. ತಿಳಿದಿರುವ ಬಹುತಾಮ್ರ ಕಿಣ್ವಗಳ ನಡುವೆ ಇದು ವಿಶಿಷ್ಟ ನಡೆ. ಬೇರೆಯವು ಒಂದೇ ಎಲೆಕ್ಟ್ರಾನ್ ಕಿತ್ತು ವಸ್ತುವನ್ನು ಬಿಟ್ಟುಬಿಡುತ್ತವೆ. ಇದು ಅದೇ ಪರಮಾಣುವಿನಿಂದ ಎರಡನೆಯದನ್ನೂ ಪಡೆದು, ಕರಗದ ಖನಿಜವನ್ನೇ ಕಟ್ಟುತ್ತದೆ.

ಶುದ್ಧ ಕಿಣ್ವ ಕೈಗೆ ಬಂದದ್ದು ಮತ್ತೂ ಎಂಟು ವರ್ಷಗಳ ಬಳಿಕ. ಕ್ರಿಸ್ಟಿನಾ ಬಟರ್‌ಫೀಲ್ಡ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಎಂಎನ್ಎಕ್ಸ್ ಜೀನುಗಳನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇರಿಸಿ ಕ್ರಿಯಾಶೀಲ ಪ್ರೊಟೀನ್ ಪಡೆದರು. ಅಲ್ಲೊಂದು ಅಚ್ಚರಿಯಿತ್ತು. ದೊಡ್ಡ ಪ್ರೊಟೀನಾದ ಎಂಎನ್ಎಕ್ಸ್-ಜಿ ಒಂಟಿಯಾಗಿ ಬರಲಿಲ್ಲ. ಎಂಎನ್ಎಕ್ಸ್-ಇ ಮತ್ತು ಎಂಎನ್ಎಕ್ಸ್-ಎಫ್ ಎಂಬ ಎರಡು ಪುಟ್ಟ ಪ್ರೊಟೀನುಗಳ ಜೊತೆ ಹೆಣೆದುಕೊಂಡೇ ಅದು ಇರುತ್ತಿತ್ತು. ಮುಂದೆ ದ್ರವ್ಯರಾಶಿ ರೋಹಿತಮಾಪನ ಈ ಸಂಕೀರ್ಣದ ಲೆಕ್ಕ ಕೊಟ್ಟಿತು. ಜಿ ಒಂದು, ಇ ಮೂರು, ಎಫ್ ಮೂರು. ಈ ಪುಟ್ಟ ಪ್ರೊಟೀನುಗಳೂ ತಾಮ್ರವನ್ನು ಹಿಡಿದುಕೊಳ್ಳುತ್ತವೆ. ತಿಳಿದಿರುವ ಯಾವ ಕಿಣ್ವವನ್ನೂ ಅವು ಹೋಲುವುದಿಲ್ಲ.

ಉಳಿದರ್ಧ ಸಮಸ್ಯೆಗೆ ಉತ್ತರ ಈ ಸಂಕೀರ್ಣದ ವೇಗದ ಅಧ್ಯಯನದಲ್ಲಿ ಸಿಕ್ಕಿತು. ಅಲೆಕ್ಸಾಂಡ್ರಾ ಸೊಲ್ಡಾಟೊವಾ, ಥಾಮಸ್ ಸ್ಪೈರೊ ಮತ್ತು ಟೀಬೊ ಅವರ ತಂಡ 2017ರಲ್ಲಿ ಪ್ರಕಟಿಸಿದ ಮಾಪನಗಳಂತೆ, ಕಿಣ್ವದ ಮೇಲೆ ಮ್ಯಾಂಗನೀಸ್ ಒಂಟಿಯಾಗಿ ಕೂರುವುದಿಲ್ಲ. ಎರಡು ಮ್ಯಾಂಗನೀಸ್-2 ಅಯಾನುಗಳು ಪಕ್ಕಪಕ್ಕದಲ್ಲಿ, ನಡುವೆ ಹೈಡ್ರಾಕ್ಸೈಡ್ ಸೇತುವೆ ಇಟ್ಟುಕೊಂಡು ಕೂರುತ್ತವೆ. ಕ್ಷಾರೀಯ ನೀರಿನಲ್ಲಿ ಹೈಡ್ರಾಕ್ಸೈಡ್ ಮಾಡುವ ಉಪಕಾರವನ್ನೇ ಇಲ್ಲಿ ಕಿಣ್ವ ತಟಸ್ಥ ನೀರಿನ ಮಧ್ಯೆ, ತನ್ನ ಒಂದು ಮೂಲೆಯಲ್ಲಿ ಒದಗಿಸುತ್ತದೆ. ಸೇತುವೆಯ ಹೈಡ್ರಾಕ್ಸೈಡ್ ತನ್ನ ಋಣ ವಿದ್ಯುದಂಶದಿಂದ ಮ್ಯಾಂಗನೀಸ್-3ನ್ನು ಸ್ಥಿರಗೊಳಿಸುವುದರಿಂದ ಬೇಕಾದ ವೋಲ್ಟ್ ತೀರಾ ಇಳಿಯುತ್ತದೆ. ನೀಲಿ ತಾಮ್ರದ ಸಾಧಾರಣ ಸೆಳೆತಕ್ಕೇ ಮೊದಲ ಎಲೆಕ್ಟ್ರಾನ್ ಬಿಟ್ಟು ಬರುತ್ತದೆ. ಪ್ರಯೋಗದ ರೇಖೆಯಲ್ಲಿ ಆರಂಭದಲ್ಲಿ ಒಂದು ವಿಳಂಬ, ಅನಂತರ ವೇಗ ಕಾಣುವುದಕ್ಕೂ ಈ ಜೋಡಿ ಕಟ್ಟಿಕೊಳ್ಳುವ ಹಂತವೇ ಕಾರಣ. ಜೋಡಿಯ ಎರಡೂ ಅಯಾನುಗಳು ಮೂರನೇ ಸ್ಥಿತಿಗೆ ಬಂದ ಮೇಲೆ ಸೇತುವೆಗಳಿಂದ ಇನ್ನಷ್ಟು ಪ್ರೋಟಾನುಗಳು ಕಳಚಿ, ಎರಡನೇ ಎಲೆಕ್ಟ್ರಾನ್ ಹೋಗಲು ದಾರಿ ಸುಗಮವಾಗುತ್ತದೆ. ಮ್ಯಾಂಗನೀಸ್ ಮತ್ತು ಆಮ್ಲಜನಕದ ಪರಮಾಣುಗಳು ಪರಸ್ಪರ ಹೆಣೆದ ಕಣ ಅಲ್ಲಿಂದ ಬೆಳೆಯತೊಡಗುತ್ತದೆ. ಖನಿಜದ ಬೀಜ ಕಿಣ್ವದ ಮಡಿಲಲ್ಲೇ ಮೊಳೆಯುತ್ತದೆ.

ಹೀಗೆ ಹುಟ್ಟುವ ಖನಿಜ ಬರ್ನೆಸೈಟ್ ಬಗೆಯದು. ಮ್ಯಾಂಗನೀಸ್ ಪರಮಾಣುವಿನ ಸುತ್ತ ಆರು ಆಮ್ಲಜನಕ ಇರುವ ಅಷ್ಟಮುಖಿಗಳು ಅಂಚಿಗೆ ಅಂಚು ತಾಗಿ ಹಾಳೆಗಳಾಗಿ ಹರಡಿರುತ್ತವೆ. ಹಾಳೆಗಳ ನಡುವೆ ನೀರು ಮತ್ತು ಸೋಡಿಯಂ, ಕ್ಯಾಲ್ಸಿಯಂನಂಥ ಅಯಾನುಗಳು. ಬ್ಯಾಕ್ಟೀರಿಯಾ ಕಟ್ಟಿದ ಹಾಳೆಗಳು ನ್ಯಾನೊಮೀಟರ್ ಅಳತೆಯವು, ಅಂಕುಡೊಂಕಾಗಿ ಪೇರಿಸಿದವು. ಅಲ್ಲಲ್ಲಿ ಮ್ಯಾಂಗನೀಸ್ ಇರಬೇಕಾದ ಜಾಗ ಖಾಲಿಯಿರುತ್ತದೆ. ಆ ಖಾಲಿ ಜಾಗಗಳೇ ಈ ಖನಿಜದ ಶಕ್ತಿ. ಧನ ಅಯಾನಿನ ಕೊರತೆಯಿಂದ ಅಲ್ಲಿ ಉಳಿಯುವ ಋಣ ವಿದ್ಯುದಂಶ ಸೀಸ, ಸತು, ನಿಕ್ಕಲ್, ಕೋಬಾಲ್ಟ್ ಅಯಾನುಗಳನ್ನು ನೀರಿನಿಂದ ಸೆಳೆದು ಹಿಡಿದುಕೊಳ್ಳುತ್ತದೆ. ಲೆಪ್ಟೊಥ್ರಿಕ್ಸ್ ಡಿಸ್ಕೊಫೊರಾ ಎಂಬ ಸಿಹಿನೀರಿನ ಬ್ಯಾಕ್ಟೀರಿಯಾ ತಯಾರಿಸಿದ ಆಕ್ಸೈಡಿನ ಮೇಲ್ಮೈ ಗ್ರಾಂ ಒಂದಕ್ಕೆ 200 ಚದರ ಮೀಟರಿಗೂ ಹೆಚ್ಚೆಂದು ಅಳೆಯಲಾಗಿದೆ.

ಬ್ಯಾಸಿಲಸ್ ಕಂಡುಕೊಂಡ ಉತ್ತರವೇ ಎಲ್ಲರದೂ ಅಲ್ಲ. ಸ್ಯೂಡೊಮೊನಾಸ್ ಪುಟಿಡಾದ ಕಥೆ ಇದಕ್ಕಿಂತ ಜಟಿಲ. ಅದರ ಪ್ರಸಿದ್ಧ ತಳಿಗಳಲ್ಲೊಂದಾದ ಎಂಎನ್‌ಬಿ-1 ಸಿಕ್ಕಿದ್ದು ಜರ್ಮನಿಯ ಟ್ರಿಯರ್ ನಗರದ ನೀರಿನ ಕೊಳವೆಯೊಳಗಿನ ಮ್ಯಾಂಗನೀಸ್ ಹೊಪ್ಪಳಿಕೆಯಲ್ಲಿ. ಇನ್ನೊಂದು, ಜಿಬಿ-1. ಇದರಲ್ಲಿ ಕ್ಯೂಮ್-ಎ ಎಂಬ ತಾಮ್ರದ ಪ್ರೊಟೀನೇ ಉತ್ಕರ್ಷಕವೆಂದು 1999ರಲ್ಲಿ ವರದಿಯಾಗಿತ್ತು. ಆ ಜೀನನ್ನು ಪೂರ್ತಿ ತೆಗೆದುಹಾಕಿದ ಮೇಲೂ ಕಾಲೊನಿಗಳು ಕಂದಾಗುತ್ತಲೇ ಇದ್ದವು. ಕಾಟಿ ಗೆಸ್‌ವೈನ್ ಮತ್ತು ಸಂಗಡಿಗರು 2013ರಲ್ಲಿ ಬೇರೆರಡು ಬಹುತಾಮ್ರ ಕಿಣ್ವಗಳನ್ನು ತೋರಿಸಿಕೊಟ್ಟರು. ಒಂದನ್ನು ತೆಗೆದರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ, ಎರಡನ್ನೂ ತೆಗೆದರೆ ಮಾತ್ರ ಕಾಲೊನಿ ಬಿಳಿಯಾಗಿ ಉಳಿಯುತ್ತದೆ. ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡರೆ ಮುಗಿಯಲಿಲ್ಲ. ಈ ಎರಡೂ ಇಲ್ಲದ ತಳಿಯಲ್ಲಿ ಫ್ಲೆಕ್ಯೂ ಎಂಬ ನಿಯಂತ್ರಕ ಜೀನನ್ನೂ ತೆಗೆದಾಗ ಕಂದು ಬಣ್ಣ ಮರಳಿ ಬಂತು. ಈಜುಬಾಲದ ತಯಾರಿಯನ್ನು ನಿಯಂತ್ರಿಸುವ ಈ ಜೀನ್ ಮೂರನೇ ಕಿಣ್ವವೊಂದನ್ನು ಅದುಮಿಟ್ಟಿತ್ತು. 2016ರಲ್ಲಿ ಪ್ರಕಟವಾದ ಈ ಫಲಿತಾಂಶ ಗಮನಿಸತಕ್ಕದ್ದು. ಒಂದು ಜೀವಿ ಒಂದೇ ಕ್ರಿಯೆಗೆ ಮೂರು ಕಿಣ್ವ ಇಟ್ಟುಕೊಂಡು, ಅವನ್ನು ಈಜುವುದು ಮತ್ತು ಅಂಟಿ ಕೂರುವುದರ ನಡುವಿನ ಆಯ್ಕೆಗೆ ಜೋಡಿಸಿಕೊಂಡಿದೆಯೆಂದರೆ, ಮ್ಯಾಂಗನೀಸ್ ಆಕ್ಸೈಡ್ ಅದರ ಬದುಕಿನಲ್ಲಿ ಆಕಸ್ಮಿಕ ಕಸವಾಗಿರಲಾರದು.

ಈ ಮೂರನೇ ಕಿಣ್ವ ಮಾಪ್-ಎ. ಇದು ತಾಮ್ರದ ಕುಟುಂಬಕ್ಕೆ ಸೇರಿದ್ದಲ್ಲ. ಹೀಮ್ ಕಬ್ಬಿಣವುಳ್ಳ, ಕ್ಯಾಲ್ಸಿಯಂ ಹಿಡಿಯುವ ಪೆರಾಕ್ಸಿಡೇಸ್. ಔರಾಂಟಿಮೊನಾಸ್ ಮ್ಯಾಂಗನಾಕ್ಸಿಡಾನ್ಸ್ ಎಂಬ ಸಮುದ್ರವಾಸಿಯಲ್ಲಿ ಇದರ ಗುರುತು 2009ರಲ್ಲೇ ಆಗಿತ್ತು. ಪೆರಾಕ್ಸಿಡೇಸ್‌ಗಳ ತಂತ್ರವೇ ಬೇರೆ. ಹೈಡ್ರೊಜನ್ ಪೆರಾಕ್ಸೈಡ್ ಹೀಮಿನ ಕಬ್ಬಿಣವನ್ನು ನಾಲ್ಕನೇ ಸ್ಥಿತಿಯವರೆಗೆ ಏರಿಸಿ, ಅಲ್ಪಕಾಲ ಬಾಳುವ ಅತಿ ಪ್ರಬಲ ಉತ್ಕರ್ಷಕವನ್ನು ಹುಟ್ಟುಹಾಕುತ್ತದೆ. ಬಿಳಿಕೊಳೆತದ ಅಣಬೆಗಳು ಮರವನ್ನು ಜೀರ್ಣಿಸಿಕೊಳ್ಳುವಾಗ ಮ್ಯಾಂಗನೀಸ್-2ನ್ನು ಮೂರಕ್ಕೆ ಏರಿಸುವುದು ಇದೇ ಬಗೆಯ ಕಬ್ಬಿಣದಿಂದ. ಇಲ್ಲಿ ಮ್ಯಾಂಗನೀಸಿನ ಹಟವನ್ನು ಉಪಾಯದಿಂದ ತಗ್ಗಿಸುವ ಬದಲು, ಅದಕ್ಕಿಂತ ದೊಡ್ಡ ಬಲ ತಂದು ನಿಲ್ಲಿಸಲಾಗುತ್ತದೆ.

ಮತ್ತೊಂದು ದಾರಿ ಇನ್ನೂ ವಿಚಿತ್ರ. ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ ಅಳಿವೆಯಿಂದ ಬಂದ ರೋಸಿಯೊಬ್ಯಾಕ್ಟರ್ ಗುಂಪಿನ ಬ್ಯಾಕ್ಟೀರಿಯಾ ಮ್ಯಾಂಗನೀಸನ್ನು ನೇರವಾಗಿ ಮುಟ್ಟುವುದೇ ಇಲ್ಲ. ಕೋಶದ ಹೊರಗೆ ಸೂಪರಾಕ್ಸೈಡ್ ತಯಾರಿಸುತ್ತದೆ. ಆಮ್ಲಜನಕ ಮಾಡಲಾರದ ಮೊದಲ ಹಂತವನ್ನು ಸೂಪರಾಕ್ಸೈಡ್ ಸುಲಭವಾಗಿ ಮಾಡುತ್ತದೆ. ಅದು ಮ್ಯಾಂಗನೀಸ್-2ರಿಂದ ಎಲೆಕ್ಟ್ರಾನ್ ಪಡೆದು ತಾನು ಹೈಡ್ರೊಜನ್ ಪೆರಾಕ್ಸೈಡ್ ಆಗುತ್ತದೆ. ಡೆರಿಕ್ ಲರ್ಮನ್, ಕೊಲೀನ್ ಹ್ಯಾನ್ಸೆಲ್ ಮತ್ತು ಜೊತೆಗಾರರು 2011ರಲ್ಲಿ ಇದನ್ನು ತೋರಿಸಿದಾಗ, ಉತ್ಕರ್ಷಣೆಯೆಂದರೆ ಮ್ಯಾಂಗನೀಸಿಗೇ ಮೀಸಲಾದ ಕಿಣ್ವ ಬೇಕೇಬೇಕೆಂಬ ನಂಬಿಕೆ ಸಡಿಲಿತು. ಆದರೆ ಈ ದಾರಿಗೂ ಒಂದು ಶರತ್ತಿದೆ. ಹುಟ್ಟಿದ ಪೆರಾಕ್ಸೈಡ್ ಅಲ್ಲೇ ಉಳಿದರೆ ಮ್ಯಾಂಗನೀಸ್-3ನ್ನು ಮತ್ತೆ ಎರಡಕ್ಕೆ ಎಳೆದು ತರುತ್ತದೆ. ಅದನ್ನು ಯಾರಾದರೂ ತೆಗೆದುಹಾಕುತ್ತಿದ್ದರೆ ಮಾತ್ರ ಕರಿ ಆಕ್ಸೈಡ್ ಉಳಿಯುತ್ತದೆ.

ಇಷ್ಟೆಲ್ಲ ಶ್ರಮ ಯಾವ ಲಾಭಕ್ಕೆ? ಬೀಜಕದ ಕವಚದ ಮೇಲೆ ಎಲೆಕ್ಟ್ರಾನುಗಳು ನೇರ ಆಮ್ಲಜನಕಕ್ಕೆ ಸಂದಾಯವಾದರೆ ಹೊರಬಿದ್ದ ಶಕ್ತಿ ಶಾಖವಾಗಿ ಚದುರುತ್ತದೆ, ಜೀವಕೋಶಕ್ಕೆ ಚಿಕ್ಕಾಸೂ ದಕ್ಕದು. ಹಾಗಾಗಿ ಬೇರೆ ವಿವರಣೆಗಳು ಬಂದವು. ಆಕ್ಸೈಡ್ ಕವಚ ನೇರಳಾತೀತ ಕಿರಣಗಳಿಂದ, ವಿಷಲೋಹಗಳಿಂದ ಕಾಪಾಡಬಹುದು. ಸೂಪರಾಕ್ಸೈಡಿನ ಹಾವಳಿಯನ್ನು ಮ್ಯಾಂಗನೀಸ್ ತಣಿಸಬಹುದು. ವಿಲಿಯಂ ಸುಂಡಾ ಮತ್ತು ಡೇವಿಡ್ ಕೀಬರ್ 1994ರಲ್ಲಿ ತೋರಿಸಿದಂತೆ, ಜೀವಿಗಳಿಗೆ ಅರಗದ ಹ್ಯೂಮಿಕ್ ವಸ್ತುಗಳನ್ನು ಈ ಆಕ್ಸೈಡ್ ಚಿಕ್ಕ ಅಣುಗಳಾಗಿ ಒಡೆಯುತ್ತದೆ, ಆ ಅಣುಗಳು ಬ್ಯಾಕ್ಟೀರಿಯಾಗೆ ಆಹಾರ. ಈ ಕೊನೆಯ ವಿವರಣೆ ಹೆಚ್ಚು ಒಪ್ಪಿಗೆಯಾಗುವಂಥದ್ದು. ಹಸಿವಿನ ಹೊತ್ತಿನಲ್ಲೇ ಸ್ಯೂಡೊಮೊನಾಸ್ ಕಂದಾಗುವುದಕ್ಕೂ ಅದು ಹೊಂದುತ್ತದೆ.

ಮ್ಯಾಂಗನೀಸನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾ ಇರಬಹುದೆಂಬ ಊಹೆ ಬೈಯರಿಂಕ್ ಕಾಲದಷ್ಟು ಹಳೆಯದು. ಅದಕ್ಕೆ ಸಾಕ್ಷಿ ಸಿಕ್ಕಿದ್ದು 2020ರಲ್ಲಿ, ಅಮೆರಿಕದ ಪಸಡೀನಾದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ. ಜೇರೆಡ್ ಲೆಡ್‌ಬೆಟರ್ ಮ್ಯಾಂಗನೀಸ್ ಕಾರ್ಬೊನೇಟ್ ಅಂಟಿದ ಗಾಜಿನ ಜಾಡಿಯೊಂದನ್ನು ನಲ್ಲಿ ನೀರು ತುಂಬಿ ನೆನೆಯಲು ಬಿಟ್ಟು, ಬೇರೆ ಕಡೆಯ ಕೆಲಸಕ್ಕೆಂದು ಹೋಗಿದ್ದರು. ತಿಂಗಳುಗಳ ನಂತರ ಮರಳಿದಾಗ ತಿಳಿ ಬಣ್ಣದ ಲೇಪ ಕಪ್ಪಾಗಿತ್ತು. ಹಾಂಗ್ ಯೂ ಜೊತೆ ಸೇರಿ ಅವರು ಆ ಕಪ್ಪನ್ನು ಮತ್ತೆ ಮತ್ತೆ ಹೊಸ ಕಾರ್ಬೊನೇಟಿಗೆ ವರ್ಗಾಯಿಸಿ ಬೆಳೆಸಿದರು. ಬೇಯಿಸಿ ಕೊಂದ ಮಾದರಿಗಳಲ್ಲಿ ಕಪ್ಪು ಮೂಡಲಿಲ್ಲ. ಗುರುತು ಹಾಕಿದ ಕಾರ್ಬನ್-13 ಕೊಟ್ಟಾಗ ಅದು ಜೀವಕೋಶದ ಮೈಗೆ ಸೇರಿತು. ಕೊನೆಗೆ ಉಳಿದದ್ದು ಎರಡು ಪ್ರಭೇದಗಳ ಜೋಡಿ. ಅವುಗಳಲ್ಲಿ ಒಂದಾದ ರ‍್ಯಾಮ್ಲಿಬ್ಯಾಕ್ಟರ್ ಒಂಟಿಯಾಗಿ ಮ್ಯಾಂಗನೀಸನ್ನು ಉತ್ಕರ್ಷಿಸಲಿಲ್ಲವಾದ್ದರಿಂದ ಕೆಲಸ ಇನ್ನೊಂದರದೆಂದು ತೀರ್ಮಾನವಾಯಿತು. ಅದಕ್ಕೆ ಮ್ಯಾಂಗನಿಟ್ರೊಫಸ್ ನೋಡ್ಯುಲಿಫಾರ್ಮನ್ಸ್ ಎಂದು ಹೆಸರಿಟ್ಟರು. ನೈಟ್ರೊಸ್ಪೈರೋಟಾ ವಿಭಾಗಕ್ಕೆ ಸೇರಿದ ಇದು ಪುಟ್ಟ ಪುಟ್ಟ ಕರಿ ಗಂಟುಗಳನ್ನು ಕಟ್ಟುತ್ತದೆ.

ಅಣು ಮಟ್ಟದಲ್ಲಿ ಇದರ ವ್ಯವಸ್ಥೆ ಎಸ್‌ಜಿ-1ರದಕ್ಕಿಂತ ಪೂರ್ತಿ ಬೇರೆಯಾಗಿರಲೇಬೇಕು. ಶಕ್ತಿ ದಕ್ಕಬೇಕಾದರೆ ಹೊರಗೆ ಕಿತ್ತ ಎಲೆಕ್ಟ್ರಾನ್ ಕೋಶದ ಹೊರಪೊರೆಯನ್ನು ದಾಟಿ, ಒಳಪೊರೆಯ ಉಸಿರಾಟದ ಸರಪಳಿಗೆ ಬಂದು, ಅಲ್ಲಿ ಪ್ರೋಟಾನುಗಳನ್ನು ಹೊರದಬ್ಬಿ, ಆಮೇಲೆ ಆಮ್ಲಜನಕ ಸೇರಬೇಕು. ಇದರ ಜೀನೋಮಿನಲ್ಲಿ ಹೊರಪೊರೆಯಲ್ಲಿ ಕೂರುವ ಸೈಟೊಕ್ರೋಮುಗಳ ಜೀನುಗಳು ಸಿಕ್ಕಿವೆ, ಅವು ಚುರುಕಾಗಿ ಬಳಕೆಯಲ್ಲೂ ಇವೆ. ಎಲೆಕ್ಟ್ರಾನನ್ನು ಒಳಕ್ಕೆ ತರುವ ದ್ವಾರಪಾಲಕರು ಇವೇ ಎಂದು ತರ್ಕ. ಇನ್ನೊಂದು ಕಷ್ಟವೂ ಅದಕ್ಕಿದೆ. ಇಂಗಾಲದ ಡೈಆಕ್ಸೈಡಿನಿಂದ ಮೈ ಕಟ್ಟಿಕೊಳ್ಳಲು ಬೇಕಾದ ಎಲೆಕ್ಟ್ರಾನುಗಳು ಮ್ಯಾಂಗನೀಸ್ ಕೊಡುವುದಕ್ಕಿಂತ ಬಹಳ ಹೆಚ್ಚಿನ ಶಕ್ತಿಯ ಮಟ್ಟದವು. ಗಳಿಸಿದ ಶಕ್ತಿಯಲ್ಲಿ ಒಂದು ಪಾಲನ್ನು ಖರ್ಚು ಮಾಡಿ ಉಳಿದ ಎಲೆಕ್ಟ್ರಾನುಗಳನ್ನು ಸರಪಳಿಯಲ್ಲಿ ಹಿಮ್ಮುಖವಾಗಿ ಮೇಲೆ ದೂಡಬೇಕಾಗುತ್ತದೆ. ಇಷ್ಟು ಬಡ ಆದಾಯದಲ್ಲಿ ಸಂಸಾರ ನಡೆಸುವ ಜೀವಿ ನಿಧಾನವಾಗಿ ಬೆಳೆಯುವುದು ಸಹಜ. ಶತಮಾನದ ಹುಡುಕಾಟಕ್ಕೆ ಅದು ಸಿಗದೆ ಇದ್ದದ್ದಕ್ಕೆ ಈ ನಿಧಾನವೂ ಒಂದು ಕಾರಣವಿರಬೇಕು.

ಮೂರು ಸ್ಥಿತಿಗಳ ಈ ಆಟದ ಪರಿಣಾಮ ಸಮುದ್ರದಲ್ಲೂ ಕಾಣುತ್ತದೆ. ಕಪ್ಪು ಸಮುದ್ರದ ಆಮ್ಲಜನಕ ತೀರಿಹೋಗುವ ಪದರದಲ್ಲಿ ಮ್ಯಾಂಗನೀಸ್-3 ಕರಗಿದ ಸ್ಥಿತಿಯಲ್ಲೇ ಗಣನೀಯ ಪ್ರಮಾಣದಲ್ಲಿ ಇದೆಯೆಂದು 2006ರಲ್ಲಿ ಗೊತ್ತಾಯಿತು. ಕ್ಷಣಿಕ ಮಧ್ಯಂತರವೆಂದು ಬಗೆದಿದ್ದ ಸ್ಥಿತಿ ಸಾವಯವ ಅಣುಗಳ ಆಸರೆಯಲ್ಲಿ ನೆಲೆ ನಿಂತಿತ್ತು. ಆಳಸಮುದ್ರದ ತಳದಲ್ಲಿ ದಶಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆಯುವ ಮ್ಯಾಂಗನೀಸ್ ಗಂಟುಗಳು ಚಾಲೆಂಜರ್ ಹಡಗಿಗೆ 1873ರಲ್ಲೇ ಸಿಕ್ಕಿದ್ದವು. ಭಾರತದ ಗವೇಷಣಿ ಹಡಗು 1981ರಲ್ಲಿ ಅವನ್ನು ಮೇಲೆತ್ತಿತು. ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ಪ್ರದೇಶದ ಅನ್ವೇಷಣೆಯ ಹಕ್ಕು ಈಗ ಭಾರತದ್ದು. ಗಂಟುಗಳ ಮೇಲೂ ಒಳಗೂ ಮ್ಯಾಂಗನೀಸ್ ಉತ್ಕರ್ಷಿಸುವ ಬ್ಯಾಕ್ಟೀರಿಯಾ ಇವೆ. ಆದರೆ ಅಷ್ಟು ನಿಧಾನದ ಬೆಳವಣಿಗೆಯಲ್ಲಿ ಜೀವದ ಪಾಲೆಷ್ಟು, ಬರಿಯ ರಸಾಯನದ ಪಾಲೆಷ್ಟು ಎಂಬ ವಾದ ಮುಗಿದಿಲ್ಲ.

ಜನಜೀವನಕ್ಕೆ ಹತ್ತಿರದ ಬಳಕೆ ಕುಡಿಯುವ ನೀರಿನಲ್ಲಿದೆ. ಭಾರತೀಯ ಮಾನಕದಂತೆ ಲೀಟರಿಗೆ 0.1 ಮಿಲಿಗ್ರಾಂ ಮ್ಯಾಂಗನೀಸ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 0.3ರವರೆಗೆ ಸಮ್ಮತ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ತಾತ್ಕಾಲಿಕ ಮಿತಿ 0.08. ಗಾಳಿಯಾಡಿಸಿದ ನೀರನ್ನು ಮರಳಿನ ಶೋಧಕದ ಮೂಲಕ ಹರಿಸಿದರೆ ಕಬ್ಬಿಣ ಬೇಗ ಬೇರ್ಪಡುತ್ತದೆ, ಮ್ಯಾಂಗನೀಸ್ ಮೊದಲ ದಿನಗಳಲ್ಲಿ ಹಾಗೇ ಹಾದುಹೋಗುತ್ತದೆ. ವಾರಗಳು, ಕೆಲವೆಡೆ ತಿಂಗಳುಗಳು ಕಳೆದು ಮರಳಿನ ಕಣಗಳು ಕಪ್ಪಾದ ಮೇಲಷ್ಟೇ ಶೋಧಕ ಪಕ್ವವಾಗುತ್ತದೆ. ಆ ಲೇಪ ನೀರಿನ ಆರ್ಸೆನಿಕ್-3ನ್ನು ಕಡಿಮೆ ವಿಷದ, ಸುಲಭವಾಗಿ ಹಿಡಿತಕ್ಕೆ ಬರುವ ಆರ್ಸೆನಿಕ್-5ಕ್ಕೂ ಬದಲಿಸಬಲ್ಲದು. ಅದೇ ಗುಣ ಕೆಲವೆಡೆ ಕೇಡೂ ಹೌದು. ಮಣ್ಣಿನಲ್ಲಿರುವ ನಿರುಪದ್ರವಿ ಕ್ರೋಮಿಯಂ-3ನ್ನು ಈ ಆಕ್ಸೈಡ್ ವಿಷಕಾರಿ ಕ್ರೋಮಿಯಂ-6 ಆಗಿಸುತ್ತದೆ.

ನೆದರ್ಲೆಂಡ್ಸಿನ ಅಂತರ್ಜಲ ಶೋಧಕಗಳ ಅಧ್ಯಯನ ಈ ಪಕ್ವತೆಯ ಒಳಗನ್ನು ಬಿಡಿಸಿ ತೋರಿಸಿದೆ. ಮೊದಲಿಗೆ ಮರಳಿನ ಮೇಲೆ ಕೂರುವ ಬರ್ನೆಸೈಟ್ ಬ್ಯಾಕ್ಟೀರಿಯಾ ಕಟ್ಟಿದ್ದು. ಪದರ ದಪ್ಪವಾದಂತೆ ಆಕ್ಸೈಡಿನ ಮೇಲ್ಮೈಯೇ ಕರಗಿದ ಮ್ಯಾಂಗನೀಸ್-2ನ್ನು ಹಿಡಿದಿಟ್ಟು, ಪಕ್ಕದ ಆಮ್ಲಜನಕಕ್ಕೆ ಎಲೆಕ್ಟ್ರಾನ್ ದಾಟಿಸುವ ಕೆಲಸ ಆರಂಭಿಸುತ್ತದೆ. ಆಮೇಲಿನ ಲೇಪದಲ್ಲಿ ಜೀವದ ಪಾಲು ಕಡಿಮೆಯಾಗುತ್ತ ಹೋಗುತ್ತದೆ, ರಸಾಯನದ ಪಾಲು ಏರುತ್ತದೆ. ಹೊಸ ಶೋಧಕವನ್ನು ಬೇಗ ಕೆಲಸಕ್ಕೆ ಹಚ್ಚಬೇಕಾದಾಗ ಹಳೆಯ ಶೋಧಕದ ಕಪ್ಪು ಮರಳನ್ನು ಒಂದಷ್ಟು ಬೆರೆಸುವ ರೂಢಿ ಇರುವುದು ಈ ಕಾರಣಕ್ಕೇ. ಆ ಮರಳಿನ ಜೊತೆ ಬ್ಯಾಕ್ಟೀರಿಯಾವೂ ಬರುತ್ತದೆ, ಅದು ಮೊದಲೇ ಕಟ್ಟಿಟ್ಟ ಆಕ್ಸೈಡೂ ಬರುತ್ತದೆ.